ಸರ್ಟಿಫಿಕೇಟ್ ಫೈಲಿಗೆ ಬಂತು, ಕ್ಲಾಸಿಗೆ ಬಂತಾ? ಡಿಗ್ರಿ ಕಾಲೇಜು ಬೋಧಕರ ತರಬೇತಿ ಎಲ್ಲಿ ತಪ್ಪುತ್ತಿದೆ

ಧಾರವಾಡ: ಒಂದನೇ ಇಯತ್ತೆಯ ಮಗುವಿಗೆ ಅ, ಆ ಕಲಿಸಬೇಕಂದ್ರೆ ಡಿ.ಇಡಿ ಬೇಕು. ಹೈಸ್ಕೂಲಿಗೆ ಬಿ.ಇಡಿ ಬೇಕು. ಪಿಯು ಉಪನ್ಯಾಸಕರಿಗೂ ಬಿ.ಇಡಿ ಕೇಳ್ತಾರೆ. ಆದರೆ ಡಿಗ್ರಿ ಕಾಲೇಜಿನ ಕ್ಲಾಸಿಗೆ ಕಾಲಿಡುವ ಬೋಧಕರಿಗೆ, ಪಾಠ ಹೇಗೆ ಹೇಳಬೇಕು ಎಂಬುದರ ಬಗ್ಗೆ ಒಂದೇ ಒಂದು ದಿನದ ತರಬೇತಿಯೂ ಮುಂಚಿತವಾಗಿ ಬೇಕಿಲ್ಲ.

ಸ್ನಾತಕೋತ್ತರ ಪದವಿಯಲ್ಲಿ ನಿಗದಿತ ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್, ಇಲ್ಲವೇ ಪಿಎಚ್‌.ಡಿ. ಇಷ್ಟಿದ್ದರೆ ಅರ್ಹತೆ ಮುಗೀತು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಕುರಿತು ಕೆಲವು ಪ್ರಶ್ನೆ ಇರುತ್ತವೆ, ನಿಜ. ಆದರೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಟಿಕ್ ಹಾಕೋದಕ್ಕೂ ನೂರು ಹುಡುಗರ ಮುಂದೆ ನಿಂತು ಪಾಠ ಮಾಡೋದಕ್ಕೂ ಅಜಗಜಾಂತರ. ಹೀಗಾಗಿ ಹೆಚ್ಚಿನ ಬೋಧಕರು ತಮಗೆ ಕಲಿಸಿದವರು ಹೆಂಗ ಕಲಿಸಿದ್ರೋ ಹಂಗೇ ಕಲಿಸ್ತಾ ಹೋಗ್ತಾರೆ. ಅದು ಚೆನ್ನಾಗಿದ್ದರೆ ವಿದ್ಯಾರ್ಥಿಯ ಪುಣ್ಯ. ಇಲ್ಲದಿದ್ದರೆ ನೋಟ್ಸ್ ಡಿಕ್ಟೇಶನ್ ಇದ್ದೇ ಇದೆ.

ವಿದ್ಯಾಕಾಶಿ ಎಂದು ಕರೆಸಿಕೊಳ್ಳುವ ಧಾರವಾಡಕ್ಕೆ ಇದು ಬೇರೆಲ್ಲರಿಗಿಂತ ಹೆಚ್ಚು ತಾಗಬೇಕಾದ ಪ್ರಶ್ನೆ. ಕಾರಣ ಸರಳ. ಬೋಧಕರಿಗೆ ತರಬೇತಿ ಕೊಡುವ ವ್ಯವಸ್ಥೆ ರಾಜ್ಯದಲ್ಲಿ ಎಲ್ಲಾದರೂ ಕೈಗೆಟಕುವಷ್ಟು ಹತ್ತಿರ ಇದೆ ಅಂದ್ರೆ ಅದು ಇಲ್ಲೇ.

ತರಬೇತಿ ಈ ಊರಿಗೆ ಹೊಸದಲ್ಲ

ಕಾಲೇಜು ಬೋಧಕರಿಗೂ ವೃತ್ತಿ ತರಬೇತಿ ಬೇಕು ಎಂಬ ಮಾತಿಗೆ ದೇಶದಲ್ಲಿ ಗಟ್ಟಿ ರೂಪ ಸಿಕ್ಕಿದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ಅದರ ಬೆನ್ನಿಗೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಶುರು ಮಾಡಿತು. ರಾಜ್ಯದಲ್ಲಿ ಬೆಂಗಳೂರು, ಮೈಸೂರಿನಂತೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಅದು ಬಂತು. ಈ ಭಾಗದ ಹಿರಿಯ ಪ್ರಾಧ್ಯಾಪಕರ ಸೇವಾ ಪುಸ್ತಕ ತೆಗೆದು ನೋಡಿದರೆ, ಓರಿಯಂಟೇಶನ್ ಅಥವಾ ರಿಫ್ರೆಶರ್ ಕೋರ್ಸಿನ ಮುಂದೆ ಧಾರವಾಡದ ಹೆಸರು ಕಾಣೋದು ಅಪರೂಪವೇನಲ್ಲ.

2015ರಲ್ಲಿ ಈ ಕೇಂದ್ರಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆ ಹೊತ್ತಿಗೆ, ಮತ್ತೆ ಬೋರ್ಡು ಬದಲಾಯಿತು. ಈಗಿನ ಹೆಸರು ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರ. ದೇಶದಾದ್ಯಂತ 111 ಕೇಂದ್ರ, 15 ಲಕ್ಷ ಬೋಧಕರಿಗೆ ತರಬೇತಿ ಎಂಬುದು ಕೇಂದ್ರ ಸರಕಾರ ಆಗ ಹೇಳಿದ ಗುರಿ.

ಇದರ ಜೊತೆಗೆ ರಾಜ್ಯ ಸರಕಾರದ್ದೇ ಆದ ಉನ್ನತ ಶಿಕ್ಷಣ ಅಕಾಡೆಮಿ ಇರುವುದೂ ಧಾರವಾಡದಲ್ಲಿ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧಕರನ್ನು ಕರೆಸಿ ತರಬೇತಿ ಕೊಡಲೆಂದೇ ಹುಟ್ಟಿದ ಸಂಸ್ಥೆ ಅದು. ಬೀದರಿನಿಂದ ಚಾಮರಾಜನಗರದವರೆಗಿನ ಕಾಲೇಜುಗಳವರು ರಾತ್ರಿ ಬಸ್ಸು ಹತ್ತಿ ಇಲ್ಲಿಗೆ ಬರಬೇಕು. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಅಳ್ನಾವರದವರಿಗೆ ಅದು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ದೂರ.

ಅಂದರೆ ಕಟ್ಟಡ ಇದೆ, ಯೋಜನೆ ಇದೆ, ಹಣದ ಬಾಬ್ತೂ ಇದೆ. ಹಾಗಿದ್ರೂ ಕ್ಲಾಸ್‌ರೂಮಿನಲ್ಲಿ ಬದಲಾವಣೆ ಎದ್ದು ಕಾಣುತ್ತಿಲ್ಲ ಯಾಕೆ?

ಬಡ್ತಿಗೆ ಕಟ್ಟಿದ ಗಂಟು

ಮೊದಲ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ತರಬೇತಿಯನ್ನು ಬಡ್ತಿಯ ಜೊತೆ ಗಂಟು ಹಾಕಲಾಗಿದೆ. ಯುಜಿಸಿಯ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ಮೊದಲ ಹಂತದಿಂದ ಮುಂದಿನ ವೇತನ ಶ್ರೇಣಿಗೆ ಹೋಗಬೇಕಾದರೆ 21 ದಿನಗಳ ಓರಿಯಂಟೇಶನ್ ಮುಗಿಸಿರಬೇಕು. ಮುಂದಿನ ಹಂತಗಳಿಗೆ ರಿಫ್ರೆಶರ್ ಕೋರ್ಸೋ, ಅದಕ್ಕೆ ಸಮನಾದ ಇನ್ನೊಂದೋ ಬೇಕು. ಉದ್ದೇಶ ಒಳ್ಳೆಯದೇ. ಕಡ್ಡಾಯ ಮಾಡದಿದ್ದರೆ ಯಾರೂ ಬರಲ್ಲ ಅನ್ನೋದು ಅದರ ಹಿಂದಿನ ಲೆಕ್ಕ.

ಆದರೆ ಆಗಿದ್ದೇನು? ಬಡ್ತಿ ಕಡತ ಸಲ್ಲಿಸುವ ವರ್ಷ ಬಂದಾಗ ಕೋರ್ಸಿನ ನೆನಪಾಗುತ್ತದೆ. ಯಾವ ಕೋರ್ಸು ನನ್ನ ಪಾಠಕ್ಕೆ ಉಪಯೋಗ ಅನ್ನೋದಕ್ಕಿಂತ ಯಾವುದಕ್ಕೆ ಸೀಟು ಖಾಲಿ ಇದೆ, ಯಾವುದು ಆನ್‌ಲೈನ್ ಇದೆ ಅನ್ನೋದೇ ಮುಖ್ಯವಾಗುತ್ತದೆ. ಕೋರ್ಸು ಮುಗಿದ ಮೇಲೆ ಕೇಳುವುದು ಒಂದೇ, ಸರ್ಟಿಫಿಕೇಟ್ ಎಲ್ಲಿ? ಆ ತರಬೇತಿಯ ನಂತರ ಕ್ಲಾಸಿನಲ್ಲಿ ಏನು ಬದಲಾಯ್ತು ಎಂದು ಪ್ರಾಚಾರ್ಯರೂ ಕೇಳಲ್ಲ, ಜಂಟಿ ನಿರ್ದೇಶಕರ ಕಚೇರಿಯೂ ಕೇಳಲ್ಲ, ವಿಶ್ವವಿದ್ಯಾಲಯವೂ ಕೇಳಲ್ಲ. ಕೇಳೋದಕ್ಕೆ ಯಾವ ಕಾಲಂ ಕೂಡ ಇಲ್ಲ.

ನ್ಯಾಕ್ ಮೌಲ್ಯಮಾಪನವೂ ಇದಕ್ಕೆ ತುಪ್ಪ ಸುರಿದಿದೆ. ಎಷ್ಟು ಬೋಧಕರು ತರಬೇತಿ ಪಡೆದಿದ್ದಾರೆ ಎಂಬುದಕ್ಕೆ ಅಲ್ಲಿ ಅಂಕ ಇದೆ. ಹೀಗಾಗಿ ಪ್ರತಿ ಕಾಲೇಜಿನ ಐಕ್ಯೂಎಸಿ ಘಟಕ ಸರ್ಟಿಫಿಕೇಟ್ ಎಣಿಸುವ ಕೆಲಸಕ್ಕೆ ನಿಂತಿತು. ಕೋವಿಡ್ ಕಾಲದಲ್ಲಿ ವೆಬಿನಾರ್‌ಗಳ ಮಹಾಪೂರ ಬಂದಾಗ, ಲಿಂಕ್ ಒತ್ತಿ, ಮ್ಯೂಟ್ ಮಾಡಿ, ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ತುಂಬಿದರೆ ಇ-ಸರ್ಟಿಫಿಕೇಟ್ ಮೇಲ್‌ಗೆ ಬೀಳುತ್ತಿತ್ತು. ಆ ರೂಢಿ ಪೂರ್ತಿ ಹೋಗಿಲ್ಲ.

ವಿಷಯದ ಆಯ್ಕೆಯಲ್ಲೂ ತೊಡಕಿದೆ. ಮಾಳವೀಯ ಮಿಷನ್‌ಗೆ ಎಂಟು ವಿಷಯ ಗೊತ್ತು ಮಾಡಲಾಗಿದೆ. ಬಹುಶಿಸ್ತೀಯ ಶಿಕ್ಷಣ, ಭಾರತೀಯ ಜ್ಞಾನ ಪರಂಪರೆ, ಶೈಕ್ಷಣಿಕ ನಾಯಕತ್ವ ಮತ್ತು ಆಡಳಿತ, ಉನ್ನತ ಶಿಕ್ಷಣ ಮತ್ತು ಸಮಾಜ, ಸಂಶೋಧನೆ, ಕೌಶಲ ಅಭಿವೃದ್ಧಿ, ವಿದ್ಯಾರ್ಥಿ ವೈವಿಧ್ಯ, ಮಾಹಿತಿ ತಂತ್ರಜ್ಞಾನ. ಎಲ್ಲವೂ ಬೇಕಾದವೇ. ಆದರೆ 50 ನಿಮಿಷದ ಪಾಠವನ್ನು ಹೇಗೆ ಕಟ್ಟಬೇಕು, ಹುಡುಗರಿಗೆ ಅರ್ಥವಾಗಿದೆಯೋ ಇಲ್ಲವೋ ಪಾಠದ ನಡುವೆಯೇ ತಿಳಿಯೋದು ಹೇಗೆ ಎಂಬುದು ಈ ಪಟ್ಟಿಯಲ್ಲಿ ಸ್ವತಂತ್ರ ವಿಷಯವಲ್ಲ. ಹೊಸಬರಿಗಾಗಿ ಯುಜಿಸಿ ರೂಪಿಸಿದ ‘ಗುರುದಕ್ಷತಾ’ ಎಂಬ ಒಂದು ತಿಂಗಳ ಕಾರ್ಯಕ್ರಮದಲ್ಲಿ ಬೋಧನಾ ವಿಧಾನಕ್ಕೆ ಜಾಗ ಇದೆ. ಹತ್ತು ವರ್ಷ ಪಾಠ ಮಾಡಿದವರಿಗೆ ಆ ಬಾಗಿಲು ಇಲ್ಲ.

ಅತಿಥಿಗಳ ಪಾಡು ಏನು?

ಇಲ್ಲಿಯವರೆಗಿನ ಮಾತೆಲ್ಲ ಕಾಯಂ ಬೋಧಕರದ್ದು. ಸರಕಾರಿ ಡಿಗ್ರಿ ಕಾಲೇಜಿನ ಒಳಗೆ ಹೋಗಿ ನೋಡಿದರೆ ಚಿತ್ರ ಬೇರೆ. ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರು ತರಗತಿ ಬಹಿಷ್ಕರಿಸಿ ಧರಣಿ ಕುಳಿತಾಗಲೆಲ್ಲ ಕಾಲೇಜುಗಳು ಅರ್ಧ ಬಂದ್ ಆಗುವುದನ್ನು ಜಿಲ್ಲೆ ನೋಡಿದೆ. ಪಾಠ ನಿಂತಿರೋದು ಯಾರ ಮೇಲೆ ಅನ್ನೋದಕ್ಕೆ ಬೇರೆ ಅಂಕಿಅಂಶ ಬೇಕಿಲ್ಲ.

ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ ಯುಜಿಸಿ ಶ್ರೇಣಿಯಲ್ಲಿ 57,700 ರೂಪಾಯಿ. ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯಲ್ಲಿ ಸರಕಾರ ಗೌರವಧನ ಏರಿಸಿದಾಗ ಗೊತ್ತು ಮಾಡಿದ್ದು, ಅರ್ಹತೆ ಮತ್ತು ಸೇವಾವಧಿ ನೋಡಿ, 26,000ದಿಂದ 32,000 ರೂಪಾಯಿ. ಆಮೇಲೆ ಹೋರಾಟ ಮಾಡಿ ಇನ್ನಷ್ಟು ಏರಿಸಿಕೊಂಡರು. ಆದರೆ ಸೇವಾ ಭದ್ರತೆ ಇಂದಿಗೂ ಪ್ರಶ್ನೆಯೇ. ವರ್ಷದ ಕೊನೆಗೆ ಬಿಡುಗಡೆ, ಮತ್ತೆ ಕೌನ್ಸೆಲಿಂಗ್, ಮತ್ತೆ ಯಾವ ಊರಿನ ಕಾಲೇಜೋ ಎಂಬ ಆತಂಕ.

ಇವರಿಗೆ ಬಡ್ತಿ ಇಲ್ಲ. ಬಡ್ತಿಗೆ ಕಟ್ಟಿದ ತರಬೇತಿ ಇವರ ಪಾಲಿಗೆ ಇದ್ದೂ ಇಲ್ಲದಂತೆ. ಮೂರು ವಾರದ ಕೋರ್ಸಿಗೆ ಹೋದರೆ ಆ ಅವಧಿಯ ಕ್ಲಾಸು ಯಾರು ತಗೋಬೇಕು, ಗೌರವಧನ ಸಿಗುತ್ತಾ ಇಲ್ವಾ, ಮುಂದಿನ ವರ್ಷ ಈ ಕೆಲಸವೇ ಇರುತ್ತಾ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗೋವರೆಗೆ ಯಾರು ಹೋಗ್ತಾರೆ? ಪಾಠದ ಹೆಚ್ಚಿನ ಪಾಲು ಮಾಡುವವರನ್ನು ಹೊರಗಿಟ್ಟು, ಉಳಿದವರಿಗೆ ಮಾತ್ರ ಬೋಧನಾ ತರಬೇತಿ ಕೊಟ್ಟರೆ ವಿದ್ಯಾರ್ಥಿಗೆ ಸಿಗುವ ಲಾಭ ಎಷ್ಟು ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಸಿಲೆಬಸ್ ಓಡುತ್ತಿದೆ, ತರಬೇತಿ ನಡೆಯುತ್ತಿದೆ

ಇನ್ನೊಂದು ಪೆಟ್ಟು ನೀತಿ ಬದಲಾವಣೆಯದ್ದು. 2021-22ರಲ್ಲಿ ದೇಶದಲ್ಲೇ ಮೊದಲು ಎಂದು ಹೇಳಿಕೊಂಡು ಕರ್ನಾಟಕ ಎನ್‌ಇಪಿ ತಂದಿತು. ನಾಲ್ಕು ವರ್ಷದ ಆನರ್ಸ್, ಮುಕ್ತ ಆಯ್ಕೆಯ ವಿಷಯಗಳು, ಕೌಶಲ ಪತ್ರಿಕೆಗಳು ಬಂದವು. 2023ರಲ್ಲಿ ಸರಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. 2024ರ ಮೇನಲ್ಲಿ ಆದೇಶ ಹೊರಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. 2025ರ ಆಗಸ್ಟ್‌ನಲ್ಲಿ ಆಯೋಗ ಅಂತಿಮ ವರದಿಯನ್ನೂ ಒಪ್ಪಿಸಿದೆ.

ಯಾವ ನೀತಿ ಸರಿ ಎಂಬುದು ಬೇರೆ ಚರ್ಚೆ. ಬೋಧಕರ ದೃಷ್ಟಿಯಿಂದ ನೋಡಿದರೆ 2024-25ರಲ್ಲಿ ಒಂದೇ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಒಂದು ನೀತಿಯ ಸಿಲೆಬಸ್, ಮೇಲಿನ ವರ್ಷಗಳಿಗೆ ಇನ್ನೊಂದರದ್ದು. ಎನ್‌ಇಪಿಯಲ್ಲಿ ಪರೀಕ್ಷೆಗೆ 60, ಆಂತರಿಕ ಮೌಲ್ಯಮಾಪನಕ್ಕೆ 40 ಅಂಕ ಇತ್ತು. ಹೊಸ ಪದ್ಧತಿಯಲ್ಲಿ ಅದು 80 ಮತ್ತು 20 ಆಯಿತು.

ಇದು ಬರೀ ಅಂಕದ ಹಂಚಿಕೆ ಅಲ್ಲ. ಗುಂಪು ಚರ್ಚೆ, ಪ್ರಾಜೆಕ್ಟ್, ಕ್ಷೇತ್ರ ಭೇಟಿ, ವಿದ್ಯಾರ್ಥಿಗಳೇ ವಿಷಯ ಮಂಡಿಸುವುದು ಇವೆಲ್ಲ ನಡೆಯೋದು ಆಂತರಿಕ ಅಂಕದ ಬಲದ ಮೇಲೆ. ತರಬೇತಿಯಲ್ಲಿ ಚಟುವಟಿಕೆ ಮಾಡಿಸಿ ಅಂತ ಹೇಳಿ, ಕಾಲೇಜಿಗೆ ವಾಪಸ್ ಬಂದರೆ 80 ಅಂಕದ ಬರವಣಿಗೆ ಪರೀಕ್ಷೆ ಕಾದು ಕೂತಿರುತ್ತದೆ. ಆಗ ಬೋಧಕರು ಏನು ಮಾಡ್ತಾರೆ? ಸಿಲೆಬಸ್ ಮುಗಿಸೋದು ನೋಡ್ತಾರೆ. ಹಳೆಯ 40 ಅಂಕವೂ ಎಷ್ಟೋ ಕಡೆ ಲೆಕ್ಕಕ್ಕೆ ಮಾತ್ರ ಇತ್ತು, ಎಲ್ಲರಿಗೂ ಧಾರಾಳವಾಗಿ ಹಂಚಲಾಗುತ್ತಿತ್ತು ಎಂಬ ದೂರನ್ನೂ ತಳ್ಳಿಹಾಕುವಂತಿಲ್ಲ. ಆದರೆ ಮದ್ದು ಅಂಕ ಕಡಿತವಲ್ಲ, ಆ ಅಂಕವನ್ನು ಹೇಗೆ ಕೊಡಬೇಕು ಎಂದು ಬೋಧಕರನ್ನು ತಯಾರು ಮಾಡುವುದು. ಆ ಕೆಲಸ ಆಗಲೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ.

ಕಲಿಸುವ ವಿಧಾನ ಬದಲಿಸಿದರೆ ಫಲ ಇದೆಯಾ?

‘ಇದೆಲ್ಲ ತೋರಿಕೆಗೆ, ಪಾಠ ಅಂದ್ರೆ ಪಾಠ’ ಎನ್ನುವವರೂ ಇದ್ದಾರೆ. ಅದಕ್ಕೆ ಪುರಾವೆ ನೋಡಬೇಕು.

2014ರಲ್ಲಿ ಅಮೆರಿಕದ ಸಂಶೋಧಕರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜು ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಶೇ 34ರ ಆಸುಪಾಸು ವಿದ್ಯಾರ್ಥಿಗಳು ನಪಾಸಾಗಿದ್ದರೆ, ವಿದ್ಯಾರ್ಥಿಗಳನ್ನು ಯೋಚಿಸಲು, ಮಾತಾಡಲು ಹಚ್ಚಿದ ತರಗತಿಗಳಲ್ಲಿ ಅದು ಶೇ 22ರಷ್ಟಿತ್ತು. ಅಲ್ಲಿನ ಕಾಲೇಜು ಬೇರೆ, ನಮ್ಮ ಕಾಲೇಜು ಬೇರೆ ಎಂಬುದು ನಿಜ. ಆದರೂ ನೂರಕ್ಕೆ ಹನ್ನೆರಡು ಹುಡುಗರು ಪಾಸಾಗೋದು ಅಂದ್ರೆ ಸಣ್ಣ ಮಾತಲ್ಲ.

ತರಬೇತಿಯಿಂದ ಬೋಧಕರು ಬದಲಾಗ್ತಾರಾ ಅನ್ನೋದಕ್ಕೂ ಉತ್ತರ ಇದೆ. ಗ್ರಹಾಂ ಗಿಬ್ಸ್ ಮತ್ತು ಮಾರ್ಟಿನ್ ಕಾಫಿ 8 ದೇಶಗಳ 22 ವಿಶ್ವವಿದ್ಯಾಲಯಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಬೋಧಕರು ವಿದ್ಯಾರ್ಥಿಯ ಕಲಿಕೆಯತ್ತ ಹೆಚ್ಚು ಗಮನ ಕೊಡಲು ಶುರು ಮಾಡಿದ್ದರು. ತರಬೇತಿ ಸಿಗದ ಹೊಸ ಬೋಧಕರು ಇದ್ದಲ್ಲೇ ಉಳಿದರು, ಇಲ್ಲವೇ ಹಿಂದಕ್ಕೆ ಸರಿದರು. ಅಂದ್ರೆ ಅನುಭವ ತಾನಾಗಿಯೇ ಒಳ್ಳೆಯ ಮಾಸ್ತರನನ್ನು ಮಾಡುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಇನ್ನೊಂದು ಗಮನಿಸಬೇಕಾದ ಅಂಶ, ಆ ತರಬೇತಿಗಳು ಒಂದೆರಡು ದಿನದ ಕಾರ್ಯಾಗಾರಗಳಾಗಿರಲಿಲ್ಲ. ಪಾಠ ಮಾಡುತ್ತಲೇ ತಿಂಗಳುಗಟ್ಟಲೆ ನಡೆದಂಥವು.

ವಿಧಾನಕ್ಕೆ ದುಬಾರಿ ಸ್ಮಾರ್ಟ್‌ಬೋರ್ಡೇ ಬೇಕೆಂದೂ ಇಲ್ಲ. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್, ತನ್ನ ವಿದ್ಯಾರ್ಥಿಗಳು ಕಷ್ಟದ ಲೆಕ್ಕ ಬಿಡಿಸ್ತಾರೆ, ಆದರೆ ಮೂಲ ಕಲ್ಪನೆಯನ್ನೇ ಕೇಳಿದರೆ ಎಡವುತ್ತಾರೆ ಎಂದು ಕಂಡುಕೊಂಡು, 1990ರ ದಶಕದ ಆರಂಭದಲ್ಲಿ ಒಂದು ಸರಳ ಪದ್ಧತಿ ತಂದರು. ಒಂದು ಪ್ರಶ್ನೆ ಕೇಳೋದು, ಪ್ರತಿಯೊಬ್ಬರೂ ಉತ್ತರ ಆರಿಸೋದು, ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಉತ್ತರಿಸೋದು. ಅಷ್ಟೇ.

ಇದನ್ನು ನವಲಗುಂದದ ಬಿ.ಎ. ಅರ್ಥಶಾಸ್ತ್ರದ ಕ್ಲಾಸಿಗೆ ಹೊಂದಿಸಿ ನೋಡಬಹುದು. ಹುಬ್ಬಳ್ಳಿ ಎಪಿಎಂಸಿಗೆ ಈರುಳ್ಳಿ ಆವಕ ಒಮ್ಮೆಲೇ ದುಪ್ಪಟ್ಟಾಯಿತು, ದರ ಕುಸಿಯಿತು. ಇಲ್ಲಿ ಜರುಗಿದ್ದು ಬೇಡಿಕೆ ರೇಖೆಯೋ, ಪೂರೈಕೆ ರೇಖೆಯೋ? ಒಂದು ಬೆರಳು, ಎರಡು ಬೆರಳು ಎತ್ತಿಸಿದರೆ ಯಾರಿಗೆ ಅರ್ಥವಾಗಿದೆ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಮನೆಯಲ್ಲಿ ಈರುಳ್ಳಿ ಬೆಳೆಯುವ ಹುಡುಗ ಪಕ್ಕದವನಿಗೆ ತಿಳಿಸಿ ಹೇಳುವಷ್ಟು ಚೆನ್ನಾಗಿ ಯಾವ ಪವರ್‌ಪಾಯಿಂಟೂ ಹೇಳಲಾರದು. ನೂರು ಜನರ ಕ್ಲಾಸಿನಲ್ಲೂ ಇದು ಸಾಧ್ಯ. ಆದರೆ ಅಂಥ ಪ್ರಶ್ನೆ ಕಟ್ಟೋದು ಅಭ್ಯಾಸದಿಂದ ಬರುವ ವಿದ್ಯೆ, ಭಾಷಣ ಕೇಳಿ ಬರುವಂಥದ್ದಲ್ಲ.

ಯಾರೂ ಮುಟ್ಟದ ಭಾಷೆಯ ಗಂಟು

ಜಿಲ್ಲೆಯ ಕಾಲೇಜುಗಳಿಗೆ ಬರುವ ಎಷ್ಟೋ ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಬಿ.ಎಸ್ಸಿ ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಎರಡೂ ಬೆರೆಸಿ, ಪರೀಕ್ಷೆ ಮತ್ತೆ ಇಂಗ್ಲಿಷಿನಲ್ಲಿ. ಯಾವ ಮಾತನ್ನು ಕನ್ನಡದಲ್ಲಿ ಬಿಡಿಸಬೇಕು, ಯಾವ ಪದವನ್ನು ಇಂಗ್ಲಿಷಿನಲ್ಲೇ ಉಳಿಸಬೇಕು, ಉತ್ತರ ಬರೆಯುವಷ್ಟು ಇಂಗ್ಲಿಷನ್ನು ಹೇಗೆ ಕಟ್ಟಿಕೊಡಬೇಕು ಎಂಬುದನ್ನು ಪ್ರತಿಯೊಬ್ಬ ಬೋಧಕರೂ ತಮಗೆ ತೋಚಿದಂತೆ ಮಾಡುತ್ತಿದ್ದಾರೆ. ಇಲ್ಲಿನ ಬೋಧಕರಿಗೆ ದಿನಾ ಎದುರಾಗುವ ಅತಿದೊಡ್ಡ ಬೋಧನಾ ಸಮಸ್ಯೆ ಇದೇ. ಮೇಲೆ ಹೇಳಿದ ಎಂಟು ವಿಷಯಗಳಲ್ಲಿ ಇದಕ್ಕೂ ಹೆಸರು ಹಿಡಿದ ಜಾಗ ಇಲ್ಲ.

2025ರ ಜನವರಿಯಲ್ಲಿ ಯುಜಿಸಿ ಪ್ರಕಟಿಸಿದ ಕರಡು ನಿಯಮದಲ್ಲಿ ನೇಮಕ ಮತ್ತು ಬಡ್ತಿಗೆ ಪರಿಗಣಿಸುವ ಒಂಬತ್ತು ಬಗೆಯ ಕೊಡುಗೆಗಳ ಪಟ್ಟಿ ಇತ್ತು. ಅದರಲ್ಲಿ ಹೊಸ ಬಗೆಯ ಬೋಧನೆಯೂ ಇತ್ತು, ಭಾರತೀಯ ಭಾಷೆಗಳಲ್ಲಿ ಬೋಧನೆಯೂ ಇತ್ತು. ಆದರೆ ಆ ಕರಡಿನ ಬಗ್ಗೆ ನಡೆದ ಜಗಳವೆಲ್ಲ ಕುಲಪತಿ ನೇಮಕದ ಸುತ್ತ. ರಾಜ್ಯಗಳ ಅಧಿಕಾರ ಕಸಿಯುವ ಯತ್ನ ಎಂದು ಕರ್ನಾಟಕ ಸೇರಿ ಹಲವು ರಾಜ್ಯಗಳು ವಿರೋಧಿಸಿದವು, ಬೆಂಗಳೂರಿನಲ್ಲಿ ಸಚಿವರ ಸಮಾವೇಶವೂ ನಡೆಯಿತು. ಆ ವಿರೋಧಕ್ಕೆ ಕಾರಣ ಇತ್ತು. ಆದರೆ ಗದ್ದಲದಲ್ಲಿ ಒಳ್ಳೆಯ ಪಾಠವನ್ನು ಅಳೆಯೋದು ಹೇಗೆ ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ.

ಜಿಲ್ಲೆಯೊಳಗೇ ಇರುವ ದಾರಿ

ಎಂಜಿನಿಯರಿಂಗ್ ಕಡೆ ನೋಡಿದರೆ ಚಿತ್ರ ಸ್ವಲ್ಪ ಬೇರೆ. ಹೊಸ ಬೋಧಕರಿಗಾಗಿ ಎಐಸಿಟಿಇ ಎಂಟು ಮಾಡ್ಯೂಲ್‌ಗಳ ತರಬೇತಿ ಇಟ್ಟಿದೆ. ಹುಬ್ಬಳ್ಳಿಯ ಬಿವಿಬಿ ಕಾಲೇಜು, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಎಂಜಿನಿಯರಿಂಗನ್ನು ಹೇಗೆ ಕಲಿಸಬೇಕು ಎಂಬುದರ ಸಂಶೋಧನೆಗೇ ಒಂದು ಕೇಂದ್ರ ನಡೆಸುತ್ತಿದೆ. ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯುವ ಕೋರ್ಸು ಅಲ್ಲಿಂದ ಬಂದಿದೆ. ಅದು ಖಾಸಗಿ ವಿಶ್ವವಿದ್ಯಾಲಯ, ಶುಲ್ಕ ಬೇರೆ, ಸೌಲಭ್ಯ ಬೇರೆ. ಆದರೆ ತಮ್ಮ ಕ್ಲಾಸನ್ನೇ ಪ್ರಯೋಗಶಾಲೆ ಎಂದು ನೋಡುವ ರೂಢಿಗೆ ಶುಲ್ಕ ಬೇಕಿಲ್ಲ. ಚಿಗರಿ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇರುವ ಎರಡು ಊರುಗಳ ನಡುವೆ ಈ ಅನುಭವ ಹರಿದಾಡದಿರೋದು ವಿಚಿತ್ರ.

ಮಾಡಬಹುದಾದ ಕೆಲಸಗಳು ಆಕಾಶದಿಂದ ಇಳಿಯಬೇಕಿಲ್ಲ. ಮೂರು ವಾರ ಒಮ್ಮೆಲೇ ಕೂರಿಸುವ ಬದಲು, ವಿಷಯವಾರು ಬೋಧಕರನ್ನು ತಿಂಗಳಿಗೆ ಅರ್ಧ ದಿನ ಒಂದೆಡೆ ಸೇರಿಸಬಹುದು. ಧಾರವಾಡದ ಅಕಾಡೆಮಿಗೆ ಜಿಲ್ಲೆಯ ಮಟ್ಟಿಗೆ ಇದು ಭಾರವಾಗದು. ಕಳೆದ ತಿಂಗಳು ಕ್ಲಾಸಿನಲ್ಲಿ ಏನು ಪ್ರಯೋಗಿಸಿದೆ, ಎಲ್ಲಿ ಕೆಟ್ಟಿತು ಎಂಬುದೇ ಅಲ್ಲಿ ಮಾತಾಗಬೇಕು. ಎರಡನೆಯದು, ಅಕ್ಕಪಕ್ಕದ ಕಾಲೇಜಿನ ಇಬ್ಬರು ಬೋಧಕರು ಒಬ್ಬರ ಪಾಠದಲ್ಲಿ ಇನ್ನೊಬ್ಬರು ಕೂರುವುದು. ಇದು ತಪಾಸಣೆ ಆಗಬಾರದು, ವರದಿ ಮೇಲಕ್ಕೆ ಹೋಗಬಾರದು. ಹೋದರೆ ಆ ದಿನಕ್ಕೆ ಮಾತ್ರ ಚೆಂದದ ಪಾಠ ನಡೆಯುತ್ತದೆ.

ಮೂರನೆಯದು ಅತಿಥಿ ಉಪನ್ಯಾಸಕರದ್ದು. ತರಬೇತಿಯ ಗಂಟೆಗಳನ್ನು ಅವರ ಕಾರ್ಯಭಾರದ ಲೆಕ್ಕಕ್ಕೆ ಹಿಡಿದು ಗೌರವಧನ ಕೊಡಬೇಕು. ಮುಂದಿನ ವರ್ಷದ ಆಯ್ಕೆಯಲ್ಲಿ ಅದಕ್ಕೆ ತೂಕ ಇರಬೇಕು. ಇದು ಸರಕಾರದ ಮಟ್ಟದಲ್ಲಿ ಆಗಬೇಕಾದ ತೀರ್ಮಾನ, ಕಾಲೇಜಿನ ಕೈಯಲ್ಲಿಲ್ಲ. ಆದರೆ ಆ ಒತ್ತಾಯ ಜಿಲ್ಲೆಯ ಜನಪ್ರತಿನಿಧಿಗಳಿಂದ, ಕವಿವಿಯ ಸಿಂಡಿಕೇಟ್‌ನಿಂದ ಏಳಬಹುದು. ನಾಲ್ಕನೆಯದು, ಪ್ರತಿ ವಿಷಯಕ್ಕೂ ಕನ್ನಡ-ಇಂಗ್ಲಿಷ್ ಎರಡನ್ನೂ ಬಳಸಿ ಕಲಿಸುವ ಪಾಠದ ಮಾದರಿಗಳು. ಧಾರವಾಡದಲ್ಲಿ ಬರೆಯಬಲ್ಲವರಿಗೆ ಬರ ಇಲ್ಲ.

ಒಂದು ಎಚ್ಚರವೂ ಬೇಕು. ಬೋಧಕರನ್ನೇ ದೂರಿ ಕೈ ತೊಳೆದುಕೊಳ್ಳೋದು ಸುಲಭ. ವಾರಕ್ಕೆ 16 ಗಂಟೆ ಪಾಠ, ಅದರ ಮೇಲೆ ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆ, ಚುನಾವಣೆ, ನ್ಯಾಕ್ ಫೈಲು ಎಲ್ಲವೂ ಅವರ ತಲೆ ಮೇಲೆ. ಲ್ಯಾಬಿನಲ್ಲಿ ಸಾಮಾನಿಲ್ಲ, ಕ್ಲಾಸಿನಲ್ಲಿ ಬೆಂಚಿಲ್ಲ ಎಂಬ ಕಾಲೇಜಿಗೆ ಹೊಸ ಬೋಧನಾ ತಂತ್ರ ಕಳಿಸಿದರೆ ಅದು ಗಾಯದ ಮೇಲೆ ಬರೆ. ಖಾಲಿ ಹುದ್ದೆ ತುಂಬುವ ಕೆಲಸಕ್ಕೆ ತರಬೇತಿ ಬದಲಿಯಾಗದು. ಆದರೆ ಹುದ್ದೆ ತುಂಬುವವರೆಗೆ ಕಾಯ್ತಾ ಕೂತರೆ, ಈ ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿ ಹೊರಬೀಳುವ ಹುಡುಗ ಹುಡುಗಿಯರಿಗೆ ಇನ್ನೊಂದು ಸರದಿ ಸಿಗಲ್ಲ.

ಮುಂದಿನ ಸಲ ಯಾವುದೇ ಕಾಲೇಜಿನಲ್ಲಿ ಬೋಧಕರ ತರಬೇತಿ ಕಾರ್ಯಾಗಾರ ಉದ್ಘಾಟನೆಯಾದ ಸುದ್ದಿ, ಶಾಲು ಹಾರದ ಫೋಟೋ ಸಮೇತ ಬಂದಾಗ, ಓದುಗರು ಒಂದು ಪ್ರಶ್ನೆ ಕೇಳಿದರೆ ಸಾಕು. ಹೋದ ಸಲದ ಕಾರ್ಯಾಗಾರದ ನಂತರ ಯಾವ ಕ್ಲಾಸಿನಲ್ಲಿ ಏನು ಬದಲಾಯ್ತು? ಉತ್ತರ ಕೊಡಬಲ್ಲ ಕಾಲೇಜು ಜಿಲ್ಲೆಯಲ್ಲಿ ಎಷ್ಟಿವೆಯೋ, ತರಬೇತಿಯ ನಿಜವಾದ ಲೆಕ್ಕ ಅಷ್ಟೇ.